ಮನೆಬಸ್ಸಿಗೆ ಎಣ್ಣೆ ಕುಡಿಸಿದ ಶನಿವಾರ

ಗಂಡಸರು ಗಾಡಿಯ ಕೆಳಗೆ ಮಲಗಿ ಮಾಡುವ ರಿಪೇರಿಯಲ್ಲಿ ಮುಕ್ಕಾಲು ಪಾಲು ಮಲಗುವುದೇ ಇರುತ್ತದೆ ಎಂಬುದು ನನ್ನ ಬಹುಕಾಲದ ನಂಬಿಕೆ. ಮೂವತ್ತು ವರ್ಷಕ್ಕೂ ಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ನಾನು. ಮಲಗಿದವರನ್ನು ನೋಡಿದ ಕೂಡಲೇ ಯಾರಿಗೆ ನಿಜವಾಗಿ ನೋವಿದೆ, ಯಾರು ಮನೆಕೆಲಸ ತಪ್ಪಿಸಿಕೊಳ್ಳಲು ಅಡ್ಮಿಟ್ ಆಗಿದ್ದಾರೆ ಎಂದು ಹೇಳಬಲ್ಲೆ. ಇದರಿಂದ ನನಗೆ ಜನರ ಮೇಲೆ, ಅದರಲ್ಲೂ ಎಲ್ಲ ತಿಳಿದವರಂತೆ ಮಾತಾಡುವವರ ಮೇಲೆ, ಒಂದು ಬಗೆಯ ತಾತ್ಸಾರ ಬೆಳೆದುಬಿಟ್ಟಿದೆ. ಒಳ್ಳೆಯ ಗುಣವಲ್ಲ, ಗೊತ್ತು. ಆದರೆ ನಾನು ನಿವೃತ್ತಳಾದ ಮೇಲೂ ಆ ಗುಣಕ್ಕೆ ಮಾತ್ರ ದಿನಾ ಡ್ಯೂಟಿ ಹಾಕುವವರು ಮನೆಯಲ್ಲೇ ಇದ್ದಾರೆ.

ನಮ್ಮ ಯಜಮಾನರು ಬೀರೂರಿನಲ್ಲಿ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು. ರೈಲಿನ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು, ಹಿಂದೆ ಹಿಂದೆ ಸರಿಯುವ ಊರುಗಳನ್ನು ನೋಡುತ್ತ ಅರ್ಧ ಆಯಸ್ಸು ಕಳೆದವರು. ನಿವೃತ್ತಿಯಾಗಿ ಕಡೂರಿನ ಮನೆಯಲ್ಲಿ ಕೂತ ಆರೇ ತಿಂಗಳಿಗೆ, "ಈ ಮನೆ ಅಲ್ಲಾಡೋದೇ ಇಲ್ವಲ್ಲೇ" ಎಂದರು. ಅಲ್ಲಾಡಬಾರದು ಎಂದೇ ಪಾಯ ಹಾಕಿಸಿದ್ದು ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಹಳೆಯ ಸ್ಕೂಲ್ ಬಸ್ಸೊಂದನ್ನು ತಂದರು. ಸೀಟು ಕಿತ್ತು ಎರಡು ಮಂಚ, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ಸಿಂಕು, ಅಡ್ಡಡ್ಡ ಹೋಗಿ ಅಡ್ಡಡ್ಡವೇ ಬರಬೇಕಾದ ಒಂದು ಬಚ್ಚಲು, ಎಲ್ಲವನ್ನೂ ಕೂರಿಸಿದರು. ಕಾಶ್ಮೀರದವರೆಗೆ ಹೋಗಿಬರುವ ಮಾತಿತ್ತು. ಎರಡು ವರ್ಷದಲ್ಲಿ ಆ ಮನೆಬಸ್ಸು ಕಂಡ ದೇಶ ಇಲ್ಲೇ ಪಕ್ಕದ ಸಿಂಗಟಗೆರೆ. ಅಲ್ಲಿಂದ ನಮ್ಮ ಸಂಬಂಧಿಕರ ತೋಟದ ತೆಂಗಿನಕಾಯಿ ತುಂಬಿಕೊಂಡು ವಾಪಸ್ಸು ಬಂದಿತ್ತು.

ಅಂಥ ಬಸ್ಸಿಗೂ ಒಂದು ನಿಜವಾದ ಕೆಲಸ ಬಂತು. ಅಜ್ಜಂಪುರದಲ್ಲಿರುವ ನನ್ನ ಅಕ್ಕ ಪಾರ್ವತಕ್ಕ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಪರೇಷನ್ ಮಾಡಿಸಿಕೊಂಡಿದ್ದಳು. ಹೆಚ್ಚು ಹೊತ್ತು ಕೂರಬಾರದು ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲೇ ತರೀಕೆರೆಯಲ್ಲಿ ಅವಳ ಮೊಮ್ಮಗಳ ಮದುವೆ. ಆ ಹುಡುಗಿಯನ್ನು ಎತ್ತಿ ಆಡಿಸಿ ಸಾಕಿದ್ದೇ ಅಕ್ಕ. ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋಗೋಣ ಎಂದರೆ, "ಮದುವೆ ಮನೆ ಮುಂದೆ ಆಂಬುಲೆನ್ಸ್ ನಿಲ್ಸಿದ್ರೆ, ಹಾರ ಯಾರಿಗೆ ಹಾಕ್ಬೇಕು ಅಂತ ಜನ ಕೇಳ್ತಾರೆ. ನಾನು ಬರಲ್ಲ ಕಣೇ" ಎಂದಳು. ನಾನು ಹಿಂದೆ ಮುಂದೆ ನೋಡದೆ, "ನಮ್ಮ ಬಸ್ಸಲ್ಲಿ ಮಂಚ ಇದೆಯಲ್ಲಕ್ಕ, ಮಲಗಿಕೊಂಡೇ ಬಾ" ಎಂದುಬಿಟ್ಟೆ. ಫೋನಿನಲ್ಲಿ ಅಕ್ಕ ಮೂಗು ಒರೆಸಿಕೊಂಡ ಸದ್ದು ಮಾತ್ರ ಕೇಳಿಸಿತು.

ಮದುವೆ ಭಾನುವಾರ. ಶನಿವಾರ ಬೆಳಗ್ಗೆ ತಿಂಡಿ ತಿನ್ನುತ್ತ ಯಜಮಾನರು, "ಪೇಶೆಂಟ್ ಕರ್ಕೊಂಡು ಹೋಗೋದು. ಹಿಂದಿನ ಡಿಫರೆನ್ಶಿಯಲ್ ಆಯಿಲ್ ಬದಲಾಯ್ಸಿಬಿಡ್ತೀನಿ" ಎಂದರು. ಬಸ್ಸಿನ ಹಿಂದಿನ ಚಕ್ರಗಳ ನಡುವೆ, ಸಾಧಾರಣ ಕುಂಬಳಕಾಯಿಗಿಂತ ದೊಡ್ಡದಾದ ಒಂದು ಕಬ್ಬಿಣದ ಗಡ್ಡೆ ಇರುತ್ತದೆ. ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಮುಟ್ಟಿಸುವ ಡಿಫರೆನ್ಶಿಯಲ್ ಎಂದರೆ ಅದೇ. ಅದರೊಳಗೆ ಹಲ್ಲಿನ ಚಕ್ರಗಳು ಮಂದವಾದ ಎಣ್ಣೆಯಲ್ಲಿ ಮುಳುಗಿಕೊಂಡು ತಿರುಗುತ್ತವೆ. ಗಡ್ಡೆಗೆ ಎರಡು ಬೋಲ್ಟು. ಕೆಳಗಿನದನ್ನು ಬಿಚ್ಚಿದರೆ ಹಳೇ ಎಣ್ಣೆ ಸುರಿಯುತ್ತದೆ. ಪಕ್ಕದಲ್ಲಿ ಮೇಲಿರುವುದನ್ನು ಬಿಚ್ಚಿ ಹೊಸದನ್ನು ತುಂಬಬೇಕು. ಇಷ್ಟನ್ನೆಲ್ಲ ನಾನು ಆ ದಿನವೇ ಕಲಿತದ್ದು. ನಮ್ಮವರ ಸ್ನೇಹಿತರಾದ ಪಿ.ಟಿ. ಮೇಷ್ಟ್ರು ಮರುಳಪ್ಪನವರು ಫೋನಿನಲ್ಲಿ ವಿಡಿಯೊ ನೋಡಿಕೊಂಡು ಕಲಿತು ಬಂದಿದ್ದರು. ಹೊರದೇಶದಲ್ಲಿ ಯಾರೋ ಬಿಳಿ ಕೈಗವಸು ಹಾಕಿಕೊಂಡು ಹನ್ನೆರಡು ನಿಮಿಷದಲ್ಲಿ ಮುಗಿಸಿದ್ದನಂತೆ. "ನಮಗೆ ಅರ್ಧ ಗಂಟೆ ಇಟ್ಕೊಳ್ಳಿ ಸಿಸ್ಟರ್" ಎಂದು ಮೇಷ್ಟ್ರು ನನಗೆ ಭರವಸೆ ಕೊಟ್ಟರು. ಇವರು ಶಾಲೆಯಲ್ಲಿ ಮಕ್ಕಳಿಗೆ ಈಜುವುದನ್ನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದವರು.

ಇಬ್ಬರೂ ಗೋಣಿಚೀಲ ಹಾಸಿಕೊಂಡು ಬಸ್ಸಿನ ಕೆಳಗೆ ಮಲಗಿದರು. ಕೆಳಗಿನ ಬೋಲ್ಟು ಸುಲಭವಾಗಿ ಬಂತು. ನಾನು ಬಟ್ಟೆ ನೆನೆಹಾಕುವ ಟಬ್ಬಿಗೆ ಕಪ್ಪು ಎಣ್ಣೆ ಧಾರಾಳವಾಗಿ ಸುರಿಯಿತು. ಮೇಷ್ಟ್ರು ವಿಡಿಯೊದವನ ಹಾಗೆಯೇ ಹೆಬ್ಬೆರಳೆತ್ತಿ ತೋರಿಸಿದರು. ಆಮೇಲೆ ಮೇಲಿನ ಬೋಲ್ಟಿಗೆ ಕೈ ಹಾಕಿದರು. ಅದು ಬರಲಿಲ್ಲ. ಸ್ಪ್ಯಾನರಿಗೆ ಉದ್ದನೆ ಪೈಪು ಸಿಕ್ಕಿಸಿ, ಮೇಷ್ಟ್ರು "ಒನ್, ಟೂ" ಎಂದು ಹೇಳಿ, ಇಬ್ಬರೂ ಜಗ್ಗಿದರು. ಬೋಲ್ಟಿನ ಮೂಲೆಗಳು ಸವೆದು ಅದು ಚಕ್ಕುಲಿಯಷ್ಟು ದುಂಡಗಾಯಿತು. ಅಷ್ಟು ಹೊತ್ತಿಗೆ ಬೀದಿಯವರೆಲ್ಲ ಸೇರಿದ್ದರು. ಒಬ್ಬರು ಸೀಮೆಎಣ್ಣೆ ಹಾಕಿ ಎಂದರು, ಇನ್ನೊಬ್ಬರು ಸೋಡಾ ಹಾಕಿ ಎಂದರು. ಜನ್ಮದಲ್ಲಿ ಸೈಕಲ್ ಚೈನು ಹಾಕಲು ಬಾರದ ಒಬ್ಬರು, ಬೋಲ್ಟಿನ ಮನಸ್ಸು ಅರಿತು ತಿರುಗಿಸಬೇಕು ಎಂದರು. ನಾನು ಕಾಫಿ ಕೊಡಲಿಲ್ಲ. ಕೊಟ್ಟರೆ ಸಂಜೆಯವರೆಗೂ ಇರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ನನಗೆ ಪರಿಸ್ಥಿತಿ ಅರ್ಥವಾಯಿತು. ಇದ್ದ ಎಣ್ಣೆ ಹೋಯಿತು, ಹೊಸ ಎಣ್ಣೆ ಹೋಗುವ ದಾರಿಯಿಲ್ಲ. ಎಣ್ಣೆಯಿಲ್ಲದೆ ಬಸ್ಸನ್ನು ಗ್ಯಾರೇಜಿಗೂ ಓಡಿಸುವಂತಿಲ್ಲ. ಅಜ್ಜಂಪುರದಲ್ಲಿ ಅಕ್ಕ ಆಗಲೇ ರೇಷ್ಮೆ ಸೀರೆ ತೆಗೆಸಿ ದಿಂಬಿನ ಪಕ್ಕ ಇಟ್ಟುಕೊಂಡಿದ್ದಾಳೆ ಎಂದು ಅವಳ ಸೊಸೆ ಫೋನು ಮಾಡಿದ್ದಳು. "ಏನ್ರೀ ಮಾಡ್ತೀರಿ ಈಗ" ಎಂದು ಬಗ್ಗಿ ಕೇಳಿದೆ. ಬಸ್ಸಿನ ಕೆಳಗಿನಿಂದ ಯಜಮಾನರ ದನಿ, "ನೋಡ್ತಾ ಇದೀನಿ ಕಣೇ" ಎಂದಿತು. ಆ ದನಿ ನನಗೆ ಗೊತ್ತು. ಆಪರೇಷನ್‌ಗೆ ಮೊದಲು ಪೇಶೆಂಟುಗಳಿಗೆ ಬರುವ ದನಿ ಅದು. ನನಗೆ ಬೈಯುವುದಕ್ಕೂ ಮನಸ್ಸಾಗಲಿಲ್ಲ. ಬೈದೆ, ಅದು ಬೇರೆ ಮಾತು.

ನಾನೇ ಬೀರೂರಿನ ಮೆಕ್ಯಾನಿಕ್ ಅನ್ವರ್ ಸಾಬರಿಗೆ ಫೋನು ಮಾಡಿದೆ. ಸ್ಕೂಟರಿನಲ್ಲಿ ಬಂದವರು ಮೊದಲು ಟಬ್ಬಿನ ಎಣ್ಣೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು. "ಇದು ಚೆನ್ನಾಗೇ ಐತಲ್ಲ ಸಾರ್. ಯಾಕೆ ಬಿಚ್ಚಿದ್ರಿ" ಎಂದರು. "ಮೇಲಿನ ಬೋಲ್ಟ್ ಬತ್ತದಾ ಇಲ್ವಾ ಅಂತ ನೋಡ್ಕೊಂಡು ಆಮೇಲೆ ತಾನೇ ಕೆಳಗಿಂದು ಬಿಚ್ಚೋದು." ಮೇಷ್ಟ್ರು ಫೋನು ಜೇಬಿಗೆ ಹಾಕಿಕೊಂಡರು. ವಿಡಿಯೊದವನು ಅದನ್ನೂ ಹೇಳಿದ್ದನಂತೆ. ಇವರು ಆ ಭಾಗವನ್ನು ಮುಂದಕ್ಕೆ ಓಡಿಸಿದ್ದರಂತೆ. ಸಾಬರು ಬೋಲ್ಟಿನ ಸುತ್ತ ಬಿಸಿ ಹಿಡಿಸಿ, ನಾಲ್ಕು ಕಡೆ ಸುತ್ತಿಗೆಯಲ್ಲಿ ತಟ್ಟಿ, ಕಾಲು ಗಂಟೆಯಲ್ಲಿ ಅದನ್ನು ಬಿಚ್ಚಿ, ಕೆಳಗಿನ ಬೋಲ್ಟನ್ನು ಮತ್ತೆ ಬಿಗಿದು, ಮೇಲಿನದಕ್ಕೆ ಹೊಸ ಬೋಲ್ಟನ್ನು ತೆಗೆದಿಟ್ಟರು. ಆದರೆ ಎಣ್ಣೆ ತುಂಬುವ ಅವರ ಕೈಪಂಪನ್ನು ಯಾರೋ ಲಾರಿಯವರು ಒಯ್ದಿದ್ದರು. ತೂತು ಪಕ್ಕದಲ್ಲಿದ್ದುದರಿಂದ ಡಬ್ಬ ಬಗ್ಗಿಸಿದರೆ ಎಣ್ಣೆಯೆಲ್ಲ ನೆಲಕ್ಕೆ.

ಗಂಡಸರು ಮೂವರೂ ಆ ತೂತನ್ನು ನೋಡುತ್ತ ಕೂತಾಗ ನನಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ನನ್ನ ಹಳೆಯ ಎನಿಮಾ ಡಬ್ಬಿ ತಂದೆ. ಮಲಬದ್ಧತೆಯವರಿಗೆ ಸಾಬೂನು ನೀರು ಏರಿಸುವ, ಉದ್ದ ರಬ್ಬರ್ ಕೊಳವೆಯ ಡಬ್ಬಿ. ಎಣ್ಣೆಯ ಡಬ್ಬವನ್ನು ಬಿಸಿನೀರಿನಲ್ಲಿಟ್ಟು ತೆಳ್ಳಗೆ ಮಾಡಿಸಿದೆ. ಎನಿಮಾ ಡಬ್ಬಿಯನ್ನು ಬಸ್ಸಿನ ಕಿಟಕಿಗೆ ತೂಗುಹಾಕಿ, ಕೊಳವೆಯನ್ನು ತೂತಿಗೆ ತೂರಿಸಿದೆ. "ಏನ್ ತಲೆ ನರ್ಸಮ್ಮ ನಿಮ್ದು" ಎಂದರು ಸಾಬರು. ಯಜಮಾನರನ್ನು ಕೊಳವೆ ಹಿಡಿಯಲು, ಮೇಷ್ಟ್ರನ್ನು ಎಣ್ಣೆ ಹೊಯ್ಯಲು ನಿಲ್ಲಿಸಿ, ನಾನು ಸ್ಟೂಲಿನ ಮೇಲೆ ಕೂತು ಇಬ್ಬರನ್ನೂ ಗದರುತ್ತಿದ್ದೆ. ತೂತಿನಿಂದ ಎಣ್ಣೆ ತುಳುಕುವವರೆಗೆ ಎರಡು ಗಂಟೆ ಹಿಡಿಯಿತು. ಸಾಬರು ಬೋಲ್ಟು ಬಿಗಿದರು. ಆ ಎರಡು ಗಂಟೆ ನಾನು ಎಷ್ಟು ಸಂತೋಷವಾಗಿದ್ದೆ ಎಂಬುದನ್ನು ಹೊರಗೆ ಎಲ್ಲೂ ತೋರಿಸಿಕೊಳ್ಳಲಿಲ್ಲ.

ಭಾನುವಾರ ಅಕ್ಕ ರೇಷ್ಮೆ ಸೀರೆಯುಟ್ಟು ಮಂಚದ ಮೇಲೆ ಮಲಗಿಯೇ ಅಜ್ಜಂಪುರದಿಂದ ತರೀಕೆರೆಗೆ ಬಂದಳು. ದಾರಿಯುದ್ದಕ್ಕೂ ಕಿಟಕಿಯಲ್ಲಿ ತೆಂಗಿನ ಗರಿಗಳು ಹಿಂದೆ ಸರಿಯುವುದನ್ನು ನೋಡುತ್ತ, "ನಿನ್ ಗಂಡ ಒಂದು ಒಳ್ಳೆ ಕೆಲ್ಸ ಮಾಡವ್ರೆ ಕಣೇ" ಎಂದಳು. ಮೊಮ್ಮಗಳು ತಾಳಿ ಕಟ್ಟಿಸಿಕೊಂಡು ನೇರ ಬಸ್ಸಿನೊಳಗೇ ಹತ್ತಿ ಬಂದು ಅಜ್ಜಿಯ ಎದೆಯ ಮೇಲೆ ತಲೆಯಿಟ್ಟಳು. ಯಜಮಾನರು ಡ್ರೈವರ್ ಸೀಟಿನಲ್ಲಿ ಆ ಕಡೆ ತಿರುಗಿ ಕೂತು ಸ್ಟೀರಿಂಗ್ ಒರೆಸುತ್ತಿದ್ದರು.

ಊಟದ ಹೊತ್ತಿಗೆ ಎನಿಮಾದ ಸುದ್ದಿ ಕಲ್ಯಾಣ ಮಂಟಪವೆಲ್ಲ ಹರಡಿತ್ತು. ಜನ ಬಂದು ಬಂದು ಕೇಳಿದರು, ನಾನು ಹೇಳಿದೆ, ಕೇಳದವರಿಗೂ ಹೇಳಿದೆ. ಹೊರಗೆ ಗಂಡಿನ ಚಿಕ್ಕಪ್ಪ ತಮ್ಮ ಹೊಸ ಕಾರಿನ ಪಕ್ಕ ಎಲೆ ಅಡಿಕೆ ಹಾಕಿಕೊಳ್ಳುತ್ತ ನಿಂತಿದ್ದರು. ಅವರನ್ನೂ ಬಿಡಲಿಲ್ಲ. "ಇದಕ್ಕೂ ಹಿಂದಿನ ಡಿಫರೆನ್ಶಿಯಲ್ ಆಯಿಲ್ ಆಗಾಗ ನೋಡ್ಬೇಕು. ಆದರೆ ಮೇಲಿನ ಬೋಲ್ಟ್ ಮೊದಲು ಬಿಚ್ಚಿ, ತಿಳೀತಾ" ಎಂದು ಸೆರಗು ಸಿಕ್ಕಿಸಿಕೊಂಡು, ಕಾರಿನ ಹಿಂಭಾಗಕ್ಕೆ ಬಗ್ಗಿ, ಆ ಗಡ್ಡೆ ಇರುವ ಜಾಗಕ್ಕೆ ಬೆರಳು ತೋರಿಸಿದೆ. ಅವರು ತುಂಬ ಮರ್ಯಾದೆಯ ಮನುಷ್ಯರು. ಪೂರ್ತಿ ಕೇಳಿಸಿಕೊಂಡು, ಮೆಲ್ಲಗೆ, "ಅಮ್ಮಾ, ಈ ಕಾರಿನ ಎಂಜಿನ್ನು ಮುಂದಿನ ಚಕ್ರನಷ್ಟೇ ತಿರುಗ್ಸೋದು. ನೀವು ಹೇಳೋ ಗಡ್ಡೆ ಹಿಂದಗಡೆ ಇರೋದೇ ಇಲ್ಲ" ಎಂದರು.

ನಾನು ಬಗ್ಗಿದವಳು, ಸೀರೆಯ ನೆರಿಗೆ ಸರಿಮಾಡಿಕೊಳ್ಳುವವಳಂತೆ, ಇನ್ನೂ ಸ್ವಲ್ಪ ಹೊತ್ತು ಬಗ್ಗಿಯೇ ಇದ್ದೆ.