ಸೀಟಿ ಇದ್ದವರಿಗೆ ಫೈಲು

ಎಂಟೂಕಾಲರ ಬಸ್ಸಿಗೆ ಆ ದಿನ ಇಬ್ಬರು ಡ್ರೈವರುಗಳು ಹಾಜರಾದರು. ಒಂಬತ್ತರ ಬಸ್ಸಿಗೆ ಒಬ್ಬನೂ ಇಲ್ಲ. ಇಬ್ಬರೂ ಒಂದೇ ಸ್ಟಿಯರಿಂಗ್ ಹಿಡಿದು ಜಗ್ಗಾಡುವುದನ್ನು ಮಹಡಿಯ ಕಿಟಕಿಯಿಂದ ಕಂಡ ವೇಳಾಪಟ್ಟಿ ಗುಮಾಸ್ತ ತಲೆ ಚಚ್ಚಿಕೊಂಡ.

ಕಾರಣ ಇಷ್ಟೇ. ಆಫೀಸಿನ ಕಂಪ್ಯೂಟರುಗಳಿಗೆಲ್ಲ ವೇಳಾಪಟ್ಟಿಯ ಫೈಲು ಒಂದೇ. ಇವನು ತಿದ್ದುತ್ತಿರುವಾಗಲೇ ಟಿಕೆಟ್ ಕೌಂಟರಿನ ಅಕ್ಕ ಅದನ್ನು ತೆರೆಯುತ್ತಾಳೆ, ಗ್ಯಾರೇಜಿನ ಮೇಸ್ತ್ರಿಯೂ ಕೈಹಾಕುತ್ತಾನೆ. ಕೊನೆಗೆ ಸೇವ್ ಮಾಡಿದವರದು ಉಳಿಯುತ್ತದೆ, ಮಿಕ್ಕವರದು ಗಾಳಿಗೆ ಹೋಗುತ್ತದೆ.

"ನಾಲ್ಕು ಗಂಟೆಗೆ ಪಟ್ಟಿ ಅಚ್ಚಿಗೆ ಒಯ್ಯೋಕೆ ಪ್ರೆಸ್ಸಿನವನು ಬರ್ತಾನೆ," ಮ್ಯಾನೇಜರು ಗುಡುಗಿದರು. "ಹೊಸ ಪಟ್ಟೀಲಿ ಒಂದೇ ಒಂದು ತಪ್ಪಿದ್ರೂ ನಾಳೆಯಿಂದ ನೀನು ಬರೋದೇ ಬೇಡ!"

ಭಯದಲ್ಲಿ ಡ್ರಾಯರ್ ತಡಕಾಡುತ್ತಿದ್ದ ಗುಮಾಸ್ತನ ಕೈಗೆ ಯಾವನೋ ಕಂಡಕ್ಟರು ಬಿಟ್ಟುಹೋಗಿದ್ದ ಸೀಟಿ ಸಿಕ್ಕಿತು. ತಲೆಯಲ್ಲಿ ದೀಪ ಹತ್ತಿತು. ಕುರ್ಚಿ ಹತ್ತಿ ನಿಂತೇಬಿಟ್ಟ.

"ಎಲ್ರೂ ಕೇಳಿ! ಇದು ಯಾರ ಕೊರಳಲ್ಲಿರುತ್ತೋ ಅವರೊಬ್ರೇ ಫೈಲ್ ಮುಟ್ಟಬೇಕು. ಸೇವ್ ಆದ ಕೂಡ್ಲೇ ಜೋರಾಗಿ ಊದಿ, ಮುಂದಿನೋರಿಗೆ ಕೊಡ್ಬೇಕು!"

ಮೊದಲ ಸರದಿ ಅಕ್ಕನದು. ಹತ್ತೇ ನಿಮಿಷದಲ್ಲಿ ಕೆನ್ನೆ ಪೂರಿಯಂತೆ ಉಬ್ಬಿಸಿ ಊದಿದಳು. ಗುಮಾಸ್ತ ಚಪ್ಪಾಳೆ ತಟ್ಟುತ್ತಿರುವಾಗಲೇ ಕೈಯಲ್ಲಿ ಚಹಾ ಲೋಟ ಹಿಡಿದ ಕಂಡಕ್ಟರನೊಬ್ಬ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದ.

"ಯಾರ್ರೀ ಊದಿದ್ದು? ನನ್ನ ಬಸ್ಸು ನನ್ನನ್ನೇ ಬಿಟ್ಟು ಹೋಯ್ತು!"

ಕಿಟಕಿಗಳೆಲ್ಲ ದಡದಡ ಮುಚ್ಚಿಕೊಂಡವು. ಸೆಖೆಗೆ ಎಲ್ಲರೂ ಒದ್ದೆ ಬಟ್ಟೆಯಾದರು. ಆದರೂ ಸೀಟಿ ನಿಲ್ಲಲಿಲ್ಲ. ಮೇಸ್ತ್ರಿ ಅದಕ್ಕೆ ಕೈಯ ಗ್ರೀಸೆಲ್ಲ ಮೆತ್ತಿ ಕೊಟ್ಟ. ಅಕ್ಕ ಸೆರಗಿನಿಂದ ಒರೆಸಿ ಒರೆಸಿ ಕೊರಳಿಗೆ ಹಾಕಿಕೊಂಡಳು. ಊಟಕ್ಕೆ ಹೋಗುವಾಗ ಸೀಟಿಯನ್ನೂ ಒಯ್ದಳು.

"ಅಕ್ಕಾ, ಕೊಟ್ಟು ಹೋಗೇ!" ಎಂದು ಮೇಸ್ತ್ರಿ ಬೀದಿಯವರೆಗೂ ಓಡಿದ.

"ಇನ್ನೂ ಸೇವ್ ಮಾಡಿಲ್ಲ ಕಣೋ! ಅನ್ನ ತಿಂದು ಊದ್ತೀನಿ!"

ಮೂರೂಮುಕ್ಕಾಲಕ್ಕೆ ಕೊನೆಯ ಸೀಟಿ ಗುಮಾಸ್ತನೇ ಊದಿದ. ಇಡೀ ದಿನ ಒಬ್ಬರು ತಿದ್ದುವಾಗ ಇನ್ನೊಬ್ಬರು ಕೈಹಾಕಿರಲಿಲ್ಲ! ಬಿಸಿಬಿಸಿ ಪಟ್ಟಿಯನ್ನು ಮುದ್ರಿಸಿ, ಮಗುವನ್ನು ಎತ್ತಿಕೊಂಡಂತೆ ಎರಡೂ ಕೈಯಲ್ಲಿ ಹಿಡಿದು ಮ್ಯಾನೇಜರ ಮುಂದಿಟ್ಟ. ಪ್ರೆಸ್ಸಿನವನು ಬಾಗಿಲಲ್ಲೇ ನಿಂತಿದ್ದ.

ಅಕ್ಕ ಬಗ್ಗಿ ನೋಡಿದಳು. "ಅಯ್ಯೋ, ನಾನು ಸೇರಿಸಿದ ಹತ್ತೂವರೆ ಬಸ್ಸೆಲ್ಲಿ?"

"ನಾನು ರಿಪೇರಿಗೆ ಹಾಕಿದ ಬಸ್ಸು ಇಲ್ಲಿ ಇನ್ನೂ ಓಡ್ತಾ ಇದೆ!" ಎಂದ ಮೇಸ್ತ್ರಿ.

ಗುಮಾಸ್ತ ಪಟ್ಟಿಯನ್ನು ಕಿತ್ತುಕೊಂಡು ನೋಡಿದ. "ಸೇವ್ ಮಾಡಿದ್ರಿ ತಾನೇ?"

"ಮಾಡಿದೆ ಮಾರಾಯಾ," ಎಂದಳು ಅಕ್ಕ. "ಬೆಳಗ್ಗಿನ ಗಲಾಟೆ ನೋಡಿ, ಯಾಕೆ ಬೇಕು ಅಂತ ಒಂದು ಕಾಪಿ ನನ್ನ ಕಂಪ್ಯೂಟರಿಗೇ ಇಳಿಸ್ಕೊಂಡಿದ್ದೆ. ಅದ್ರಲ್ಲೇ ಮಾಡಿದೆ."

"ನಾನೂ ಅಷ್ಟೇ," ಎಂದ ಮೇಸ್ತ್ರಿ.

"ಬುದ್ಧಿ ಇದೆಯಾ ನಿಮಗೆ!" ಗುಮಾಸ್ತ ಕೂಗಾಡಿದ. "ಹಾಗಾದ್ರೆ ಇಡೀ ದಿನ ಅಸಲಿ ಫೈಲಲ್ಲಿ ಕೆಲ್ಸ ಮಾಡಿದೋನು ನಾನೊಬ್ನೇನಾ?"

ಮ್ಯಾನೇಜರು ಎದ್ದು ಬಂದು ಅಸಲಿ ಫೈಲನ್ನು ತೆರೆದರು. ನಿನ್ನೆ ಸಂಜೆಯಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಆಮೇಲೆ ಅವರು ಗುಮಾಸ್ತನ ಪರದೆಯ ಮೇಲಿದ್ದ ಫೈಲಿನ ಹೆಸರನ್ನು ಎಲ್ಲರಿಗೂ ಕೇಳಿಸುವಂತೆ ಓದಿದರು:

"ವೇಳಾಪಟ್ಟಿ, ನನ್ನ ಕಾಪಿ, ಯಾರಿಗೂ ಹೇಳಬಾರದು."