ಟವೆಲ್ಲಿನ ಕೆಳಗೆ ಸಿಕ್ಕ ಮನೆ

ಬಾಡಿಗೆ ಮನೆಯಲ್ಲಿರುವವನಿಗೆ ನಾಲ್ಕು ಗೋಡೆಗಳಿರುತ್ತವೆ, ಮೊಳೆ ಹೊಡೆಯುವ ಅಧಿಕಾರ ಇರುವುದಿಲ್ಲ. ಈ ಸತ್ಯ ನನಗೆ ಮದುವೆಯಾದ ಹೊಸದರಲ್ಲೇ, ಕೈಯಲ್ಲಿ ಸುತ್ತಿಗೆ ಹಿಡಿದು ನಿಂತಿದ್ದಾಗ ತಿಳಿಯಿತು. ಶಿಕಾರಿಪುರದಲ್ಲಿ ನಾವಿದ್ದ ಮನೆಯ ಮಾಲೀಕರು ಪಕ್ಕದಲ್ಲೇ ವಾಸವಾಗಿದ್ದರು. ಉಳಿದೆಲ್ಲ ವಿಷಯದಲ್ಲಿ ಅವರ ಕಿವಿ ಮಂದ; ನಲ್ಲಿ ಸೋರುತ್ತಿದೆ ಎಂದು ಎಷ್ಟು ಸಲ ಕೂಗಿದರೂ ಕೇಳಿಸುತ್ತಿರಲಿಲ್ಲ. ಆದರೆ ಸುತ್ತಿಗೆಯ ಮೊದಲ ಏಟು ಗೋಡೆಗೆ ಬಿದ್ದ ಸದ್ದು ಅಡಗುವ ಮುಂಚೆಯೇ ಹೊಸ್ತಿಲಲ್ಲಿ ಹಾಜರಾದರು. "ಏನ್ರೀ, ಗೋಡೆ ಕೆಡವಾಕ ಹೊಂಟೀರೇನು?" ಎಂದರು. ನಾನು ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ಮಾವನವರು ದೊಡ್ಡದಾಗಿ ಕಟ್ಟು ಹಾಕಿಸಿ ಕೊಟ್ಟಿದ್ದ ನಮ್ಮ ಮದುವೆಯ ಫೋಟೋ ಅಂದು ಬೀರುವಿನ ಮೇಲೆ ಹೋಗಿ ಕೂತದ್ದು ಅಲ್ಲೇ ಉಳಿಯಿತು. ಧೂಳು ಬೀಳಬಾರದೆಂದು ನನ್ನ ಹೆಂಡತಿ ಗಿರಿಜೆ ಅದನ್ನು ತಿರುಗಿಸಿ ಇಟ್ಟಿದ್ದಳು. ಹೀಗಾಗಿ ನಮ್ಮ ದಾಂಪತ್ಯದ ಮೊದಲ ವರ್ಷಗಳೆಲ್ಲ ಗೋಡೆಗೆ ಮುಖ ಮಾಡಿಯೇ ಕಳೆದವು.

ಒಂದು ದೀಪಾವಳಿ ಮುಗಿಯುತ್ತಿದ್ದಂತೆ ಮಾಲೀಕರು ಬಂದು, ಮಗನ ಮದುವೆ ಗೊತ್ತಾಗಿದೆ, ಯುಗಾದಿಯೊಳಗೆ ಮನೆ ಬಿಟ್ಟುಕೊಡಬೇಕು ಎಂದರು. ನಾನು ಇನ್ನೊಂದು ಬಾಡಿಗೆ ಮನೆ ಹುಡುಕುವ ಮಾತೆತ್ತಿದೆ. ಗಿರಿಜೆ ಬೀರುವಿನ ಕಡೆ ಒಮ್ಮೆ ನೋಡಿ, "ಬೇಡ ರೀ. ಇನ್ನೊಬ್ಬರ ಗೋಡೆ ಕಾಯ್ದದ್ದು ಸಾಕು. ಈ ಸಲ ನಮ್ದೇ ಆಗ್ಬೇಕು. ಆ ಫೋಟೋ ನೇತು ಹಾಕ್ದೇ ನಾನು ಮುದುಕಿ ಆಗೋದಿಲ್ಲ" ಎಂದಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಅವರಿಗೆ ಮನೆ ಹುಡುಕುವ ಪ್ರಸಂಗ ಬಂದಿರಲಿಲ್ಲವೆಂದು ಕಾಣುತ್ತದೆ. ಬಂದಿದ್ದರೆ ಗಾದೆ ಇನ್ನಷ್ಟು ಉದ್ದವಾಗಿರುತ್ತಿತ್ತು.

ಇಲ್ಲಿ ನನ್ನ ಸ್ವಭಾವದ ಬಗ್ಗೆ ಸ್ವಲ್ಪ ಹೇಳಬೇಕು. ಹೋಲಿಸಿ ನೋಡದೆ ನಾನು ಯಾವುದನ್ನೂ ಕೊಂಡವನಲ್ಲ. ಬದನೆಕಾಯಿ ತರಲು ಹೋದರೆ ಮೊದಲು ಇಡೀ ಸಂತೆಯನ್ನು ಒಂದು ಸುತ್ತು ಹಾಕುತ್ತೇನೆ. ಎಲ್ಲಿ ಎಳೆಯದು, ಎಲ್ಲಿ ಅಗ್ಗ ಎಂದು ತೀರ್ಮಾನಿಸಿ ಮರಳುವಷ್ಟರಲ್ಲಿ ಒಳ್ಳೆಯದೆಲ್ಲ ಖರ್ಚಾಗಿ, ಹುಳುಕು ನನಗಾಗಿ ಕಾದಿರುತ್ತದೆ. ನನ್ನ ಮದುವೆ ಆದದ್ದಾದರೂ ಹೇಗೆ ಎಂದು ಗೆಳೆಯರು ಆಶ್ಚರ್ಯಪಡುತ್ತಾರೆ. ಅದಕ್ಕೆ ಗಿರಿಜೆಯ ಬಳಿ ಉತ್ತರವಿದೆ: "ಇವರ ಅಪ್ಪ ಬುದ್ಧಿವಂತರು. ಎರಡನೇ ಹುಡುಗಿಯನ್ನ ತೋರಿಸ್ಲೇ ಇಲ್ಲ."

ಇಂಥವನ ಮುಂದೆ ಒಂದಲ್ಲ, ಎರಡು ಊರುಗಳಿದ್ದವು. ಗಿರಿಜೆ ಶಿಕಾರಿಪುರದ ಶಾಲೆಯಲ್ಲಿ ಟೀಚರು, ನಾನು ಸೊರಬದ ಅಂಚೆ ಕಚೇರಿಯಲ್ಲಿ ಗುಮಾಸ್ತ. ದಿನಾ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಹೋಗುವ ಬಸ್ಸಿನಲ್ಲಿ ಜೋತು ಬಿದ್ದು ಹೋಗಿ, ಸಂಜೆ ಹಾಗೆಯೇ ಬರುತ್ತಿದ್ದೆ. ಮನೆ ಅಲ್ಲಾದರೆ ಅವಳು ಜೋತು ಬೀಳಬೇಕು, ಇಲ್ಲಾದರೆ ನಾನು. ನೆಂಟರೊಬ್ಬರು ನಡುವಿನ ಶಿರಾಳಕೊಪ್ಪದಲ್ಲೇ ಕೊಂಡುಬಿಡಿ ಎಂದು ಸಲಹೆ ಕೊಟ್ಟರು. ಇಬ್ಬರಿಗೂ ಸಮನಾಗಿ ತೊಂದರೆಯಾಗುವ ಈ ನ್ಯಾಯ ನಮಗೆ ಹಿಡಿಸಲಿಲ್ಲ.

ಭಾನುವಾರಗಳು ಶಿಕಾರಿಪುರಕ್ಕೆ, ಕಚೇರಿ ಬಿಟ್ಟ ನಂತರದ ಸಮಯ ಸೊರಬಕ್ಕೆ ಎಂದು ಹಂಚಿಕೊಂಡು ಹುಡುಕಾಟ ಶುರು ಮಾಡಿದೆ. ಶಿಕಾರಿಪುರದ ಪೇಟೆಯಲ್ಲಿ ಮನೆಗೆ ಚಿನ್ನದ ಬೆಲೆ. ಉಪ್ಪಿನಿಂದ ಔಷಧಿಯವರೆಗೆ ಎಲ್ಲವೂ ಬಾಗಿಲಲ್ಲೇ ಸಿಗುತ್ತದೆ, ಬೆಳಕು ಮಾತ್ರ ಒಳಗೆ ಬರುವುದಿಲ್ಲ. ನಡುಮನೆಯಲ್ಲಿ ಮಧ್ಯಾಹ್ನವೂ ಬಲ್ಬು ಹಾಕಬೇಕು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿ ನನಗೆ ಹೇಳಿ ಮಾಡಿಸಿದಂತಿತ್ತು, ಆದರೆ ಕಂಡಕ್ಟರನ ಸೀಟಿ ಅಡುಗೆಮನೆಯ ತನಕ ಕೇಳುತ್ತಿತ್ತು. ರಜೆಯ ದಿನ ಅದನ್ನು ಕೇಳಿ ನಾನು ನಿದ್ದೆಗಣ್ಣಲ್ಲೇ ಎದ್ದು ಓಡುವ ಅಪಾಯವಿತ್ತು. ಕೆರೆಯ ಕಡೆ ಹೊಸ ಬಡಾವಣೆ ಏಳುತ್ತಿತ್ತು. ಅಲ್ಲಿ ಬೆಲೆ ಕಡಿಮೆ, ಗಾಳಿ ಧಾರಾಳ, ನೆರೆಹೊರೆ ಎಂದರೆ ಬಹುಮಟ್ಟಿಗೆ ಸುಣ್ಣ ಬಳಿದ ಗಡಿಕಲ್ಲುಗಳು. ಇನ್ನು ಸೊರಬದಲ್ಲಿ ಹೊಳೆಯ ಕಡೆ ಮನೆಗಳು ಅಗ್ಗ. ದಿಬ್ಬದ ಮೇಲಿನವು ದುಬಾರಿ. ದಿಬ್ಬ ಹತ್ತಿದಷ್ಟೂ ನೋಟ ಚೆಂದ, ನಲ್ಲಿಯ ನೀರು ಮಾತ್ರ ನನ್ನ ಹಾಗೆಯೇ ಅರ್ಧ ದಾರಿಯಲ್ಲಿ ಉಸಿರುಗಟ್ಟಿ ನಿಂತುಬಿಡುತ್ತಿತ್ತು.

ಬೆಲೆ ಹೇಳುವ ರೀತಿಯಲ್ಲೂ ಎರಡು ಊರಿಗೆ ವ್ಯತ್ಯಾಸ. ಶಿಕಾರಿಪುರದಲ್ಲಿ ಗೇಟು ತೆಗೆಯುವ ಮೊದಲೇ ರಸ್ತೆಯ ಆಚೆಗೂ ಕೇಳುವಂತೆ ಹೇಳಿಬಿಡುತ್ತಾರೆ, "ತಗೋಳಂಗಿದ್ರೆ ಒಳಗ ಬರ್ರಿ" ಎಂದೂ ಸೇರಿಸುತ್ತಾರೆ. ಸೊರಬದಲ್ಲಿ ಮೊದಲು ನೀರು ಬೆಲ್ಲ, ಆಮೇಲೆ ಕಷಾಯ, ಆಮೇಲೆ ನಿಮ್ಮ ಊರು ಯಾವುದು, ತಾಯಿಯ ತವರು ಯಾವುದು. ಬೆಲೆಯ ಮಾತು ಬಂದರೆ, "ಅದಕ್ಕೆಂತ ಮಾರಾಯ್ರೇ, ಮೊದ್ಲು ಮನೆ ಮನಸ್ಸಿಗೆ ಬರ್ಲಿ." ಮೂರು ಸಲ ಕಷಾಯ ಕುಡಿದ ಮೇಲೆ ಹೇಳಿದ ಬೆಲೆ ಕೇಳಿದರೆ, ಕಷಾಯದ ಬಾಬ್ತೂ ಅದರಲ್ಲೇ ಸೇರಿದೆಯೇನೋ ಎನಿಸುತ್ತಿತ್ತು.

ನಾನು ಜಾಣತನ ಮಾಡಿದೆ. ಶಿಕಾರಿಪುರದವರಿಗೆ, "ಸೊರಬದಲ್ಲಿ ಇಷ್ಟಕ್ಕೇ ಹಿತ್ತಲೂ ಬಾವಿಯೂ ಕೊಡ್ತಾರೆ" ಎನ್ನುವುದು. ಸೊರಬದವರಿಗೆ, "ಶಿಕಾರಿಪುರದಲ್ಲಿ ಇಷ್ಟಕ್ಕೆ ಪೇಟೆಯಲ್ಲೇ ಸಿಗುತ್ತೆ" ಎನ್ನುವುದು. ಎರಡೂ ಕಡೆ ಬೆಲೆ ಇಳಿಯಬಹುದೆಂದು ನನ್ನ ಲೆಕ್ಕ. ಸಂಕ್ರಾಂತಿಯ ಹೊತ್ತಿಗೆ ಕಚೇರಿಯ ಸಹೋದ್ಯೋಗಿ ಶ್ರೀಧರ ನನ್ನ ಮೇಜಿನ ಮೇಲೆ ಬಗ್ಗಿ ಗುಟ್ಟು ಹೇಳಿದ: "ಇನ್ನು ನಿಂಗೆ ಮನೆ ಸಿಕ್ಕಿದ ಹಾಗೇ ಬಿಡು ಮಾರಾಯ. ಶಿಕಾರಿಪುರದ ಕಡೆಯ ಯಾರೋ ದೊಡ್ಡ ಕುಳ ಊರೆಲ್ಲ ಮನೆ ಕೇಳ್ತಾ ತಿರುಗ್ತಾ ಇದಾನಂತೆ. ದಿಬ್ಬದಿಂದ ಹೊಳೆವರೆಗೂ ಎಲ್ರೂ ರೇಟು ಏರಿಸಿ ಕೂತಿದಾರೆ." ಎಂಥ ಮನುಷ್ಯ ಎಂದು ಕೇಳಿದೆ. "ಕನ್ನಡಕ, ಕೈಯಲ್ಲಿ ಛತ್ರಿ. ಕೇಳೋದು ಎಲ್ಲ, ಕೊಳ್ಳೋದು ಏನೂ ಇಲ್ವಂತೆ" ಎಂದ. ನಾನು ಮೆಲ್ಲಗೆ ಛತ್ರಿಯನ್ನು ಮೇಜಿನ ಕೆಳಗೆ ತಳ್ಳಿದೆ. ಶಿಕಾರಿಪುರದಲ್ಲಿಯೂ ಇದೇ ಕತೆಯಾಗಿತ್ತು. ಅಲ್ಲಿನವರಿಗೆ ನಾನು ಸೊರಬದ ಕುಳ.

ಗಿರಿಜೆಯ ಅಳತೆಯೇ ಬೇರೆ. ನಾನು ಮಾಲೀಕರೊಂದಿಗೆ ಬಾವಿ, ಖಾತೆ, ಕಂದಾಯ ಎಂದು ಮಾತಾಡುತ್ತಿದ್ದರೆ ಅವಳು ಸುಮ್ಮನೆ ಪಕ್ಕದ ಮನೆಗೆ ಹೋಗಿ, "ಅಕ್ಕಾ, ಹೆಪ್ಪಿಗೆ ಒಂಚೂರು ಮಜ್ಜಿಗೆ ಇದ್ರೆ ಕೊಡ್ತೀರಾ?" ಎನ್ನುತ್ತಿದ್ದಳು. ಹೆಪ್ಪು ಕೇಳಲು ಬಂದ ಹೆಂಗಸನ್ನು ಯಾವ ಓಣಿ ಹೇಗೆ ನೋಡುತ್ತದೆ ಎನ್ನುವುದೇ ಅವಳ ಪರೀಕ್ಷೆ. ಪೇಟೆಯಲ್ಲಿ ಕಿಟಕಿಯಿಂದಲೇ ಇಲ್ಲವೆಂದರು. ಬಸ್ ಸ್ಟ್ಯಾಂಡಿನ ಓಣಿಯಲ್ಲಿ, ನೀವ್ಯಾರು ಎಂದು ಕೇಳಿ ಬಾಗಿಲು ಹಾಕಿಕೊಂಡರು. ದಿಬ್ಬದ ಮೇಲಿನವರು ಫ್ರಿಜ್ಜಿನಲ್ಲಿ ಇಟ್ಟಿದ್ದೇವೆ, ಅದು ಹೆಪ್ಪಾಗುವುದಿಲ್ಲ ಎಂದರಂತೆ. "ಗೋಡೆ ಎಷ್ಟು ಗಟ್ಟಿ ಇದ್ರೇನು ರೀ, ಹೊತ್ತಿಗೆ ಹೆಪ್ಪು ಹುಟ್ಟದ ಓಣಿಲಿ ಬದುಕೋದು ಹೇಗೆ?" ಎಂದು ಅವಳು ಒಂದೊಂದನ್ನೇ ತಳ್ಳಿಹಾಕಿದಳು. ಯುಗಾದಿ ಹತ್ತಿರ ಬರುತ್ತಿತ್ತು. ನಮ್ಮ ಬಾಡಿಗೆ ಮನೆಯ ಮಾಲೀಕರು ಸುಣ್ಣ ಹೊಡೆಸಲು ಗೋಡೆಗಳನ್ನು ಆಗಲೇ ಅಳತೆ ಮಾಡಿಸತೊಡಗಿದ್ದರು. ಒಂದು ಸಂಜೆ ಗಿರಿಜೆ ಫೋಟೋವನ್ನು ಕೆಳಗಿಳಿಸಿ, ಒರೆಸಿ, ಮತ್ತೆ ತಿರುಗಿಸಿ ಇಡುವುದನ್ನು ನೋಡಿ ನನಗೆ ನಿಜಕ್ಕೂ ದುಃಖವಾಯಿತು.

ಆಗ ಸಿಕ್ಕಿದವರು ನಿಂಗಪ್ಪನವರು. ಮೂಲತಃ ಎತ್ತಿನ ದಲ್ಲಾಳಿ. ದನದ ಸಂತೆಯಿಲ್ಲದ ದಿನಗಳಲ್ಲಿ ಮನೆ ವ್ಯಾಪಾರ. ಕೆರೆ ಬಡಾವಣೆಯ ಮೊದಲ ಸಾಲಿನಲ್ಲಿ ಬಸಣ್ಣ ಎಂಬ ಗೊಬ್ಬರದಂಗಡಿಯವನ ಮನೆ ಮಾರಾಟಕ್ಕಿದೆ ಎಂದು ನಮ್ಮಿಬ್ಬರನ್ನೂ ಕರೆದೊಯ್ದರು. ಎರಡು ಕೋಣೆ, ಒಂದು ಪಡಸಾಲೆ, ಮುಂದೆ ಜಗಲಿ. ಗಿರಿಜೆ ಪಕ್ಕದ ಮನೆಯ ಕಡೆ ನಡೆದಳು. ನಾನು ಎಂದಿನಂತೆ, ಜಗಲಿಯಲ್ಲಿ ಕಾದಿದ್ದ ಬಸಣ್ಣನ ಕಡೆ ತಿರುಗಿ "ಬೆಲೆ ಎಷ್ಟು?" ಎಂದು ಬಾಯಿ ತೆರೆದೆ. ನಿಂಗಪ್ಪ ನನ್ನ ಬಾಯಿಗೆ ಕೈ ಅಡ್ಡ ಹಿಡಿದರು.

"ಬಾಯಾಗ ಕೇಳಬ್ಯಾಡ್ರಿ ಸಾಹೇಬ್ರ. ಎತ್ತಿನ ರೇಟು ಬಾಯಾಗ ಹೇಳಿದ್ರ ಎತ್ತಿಗೆ ದೃಷ್ಟಿ ಆಕ್ಕತಿ. ಮನಿ ರೇಟು ಬಾಯಾಗ ಹೇಳಿದ್ರ ಇಡೀ ಓಣಿಗೇ ಆಕ್ಕತಿ."

ಎರಡು ಊರಿಗೆ ದೃಷ್ಟಿ ಹಾಕಿ ಬಂದಿದ್ದ ನಾನು ತಲೆಯಾಡಿಸಿದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು, ಬಸಣ್ಣನ ಬಲಗೈಯನ್ನೂ ನನ್ನ ಬಲಗೈಯನ್ನೂ ಸೇರಿಸಿ ಮೇಲೆ ಹೊದಿಸಿದರು. ಸಂತೆಯಲ್ಲಿ ಎತ್ತು ಕೊಳ್ಳುವವರು ಮಾಡುವಂತೆ. ಎಷ್ಟು ಲಕ್ಷ ಎಂಬುದು ಓಣಿಗೆಲ್ಲ ಮೊದಲೇ ಗೊತ್ತಿರುತ್ತದೆ. ಅದರ ಮೇಲಿನದು ಬೆರಳಲ್ಲಿ, ಒಂದು ಬೆರಳಿಗೆ ಹತ್ತು ಸಾವಿರ. ಒಪ್ಪಿಗೆಯಾದರೆ ಹಿಡಿದ ಬೆರಳನ್ನು ಒತ್ತಬೇಕು. ಒಪ್ಪಿಗೆಯಿಲ್ಲದಿದ್ದರೆ ಕೈ ಎಳೆದುಕೊಳ್ಳಬೇಕು. ಇನ್ನೂ ಯೋಚಿಸಬೇಕು, ನಾಲ್ಕು ಕಡೆ ಹೋಲಿಸಬೇಕು ಎನ್ನುವವನು ಏನು ಮಾಡಬೇಕೆಂದು ಅವರು ಹೇಳಲಿಲ್ಲ. ಅಂಥವನು ದನದ ಸಂತೆಗೆ ಎಂದೂ ಬಂದಿರಲಿಕ್ಕಿಲ್ಲ.

ಬಸಣ್ಣ ನನ್ನ ಕೈಗೆ ನಾಲ್ಕು ಬೆರಳು ಕೊಟ್ಟ. ನಾನು ಹಿಡಿದುಕೊಂಡು ಹೋಲಿಸತೊಡಗಿದೆ. ದಿಬ್ಬದ ಮನೆಗೆ ಇಷ್ಟು ಹೇಳಿದ್ದರು, ಆದರೆ ನೀರಿಲ್ಲ. ಪೇಟೆಯದು ಇದಕ್ಕಿಂತ ಹೆಚ್ಚು, ಆದರೆ ಬೆಳಕಿಲ್ಲ. ಇಲ್ಲಿ ಎರಡೂ ಇದೆ, ಬಸ್ ಸ್ಟ್ಯಾಂಡ್ ದೂರ. ಒತ್ತಲೂ ಇಲ್ಲ, ಬಿಡಲೂ ಇಲ್ಲ. ಬಸಣ್ಣ ನನ್ನ ಮುಖವನ್ನೇ ನೋಡಿ, ಒಂದು ಬೆರಳು ಹಿಂದಕ್ಕೆ ಎಳೆದುಕೊಂಡ. ಅಯ್ಯೋ, ಬೆಲೆ ಬದಲಾಯಿತು! ಈಗ ಹೋಲಿಕೆಯನ್ನು ಮತ್ತೆ ಮೊದಲಿಂದ ಶುರು ಮಾಡಬೇಕು. ಪುನಃ ದಿಬ್ಬ ಹತ್ತಿ, ಹೊಳೆಗಿಳಿದು, ಪೇಟೆ ಸುತ್ತಿ ಬರುವಷ್ಟರಲ್ಲಿ ಬಸಣ್ಣನ ಹಣೆಯಲ್ಲಿ ಬೆವರು ಕಾಣಿಸಿತು. "ಏನ್ ಹಿಡಿತಾ ರೀ ಇವರ್ದು! ಕಲ್ಲು ಕುಂತಂಗ ಕುಂತಾರ" ಎನ್ನುತ್ತ ಇನ್ನೊಂದು ಬೆರಳನ್ನೂ ಎಳೆದುಕೊಂಡ. ಎರಡು ಉಳಿದವು. ನನ್ನ ಕೈ ಜೋಮು ಹಿಡಿದಿತ್ತು.

ಅಷ್ಟರಲ್ಲಿ ಪಕ್ಕದ ಮನೆಯಿಂದ ಗಿರಿಜೆ ಬಂದಳು. ಕೈಯಲ್ಲಿ ಒಂದು ಸ್ಟೀಲ್ ಲೋಟ. "ರೀ, ಹೆಪ್ಪು ಕೊಟ್ರು! ಲೋಟ ಯಾವಾಗ ತಂದುಕೊಡ್ಲಿ ಅಂದ್ರೆ, ಹೆಂಗೂ ಪಕ್ಕಕ್ಕೇ ಬರ್ತೀಯಲ್ಲವ್ವಾ, ಬಂದ ಮ್ಯಾಲ ಕೊಡು ಅಂದ್ರು" ಎಂದಳು. ಅವಳ ಮುಖ ಫೋಟೋದಲ್ಲಿ ಇದ್ದ ಹಾಗೇ ಇತ್ತು. ಎಷ್ಟೋ ವರ್ಷಗಳಿಂದ ಗೋಡೆಗೆ ತಿರುಗಿಸಿಟ್ಟಿದ್ದ ಆ ಮುಖವನ್ನು ನಾನು ಮರೆತೇ ಹೋಗಿದ್ದೆ. ನಾನು ಒತ್ತಿದೆನೋ, ಕೈ ತಾನಾಗಿ ಒತ್ತಿತೋ ಗೊತ್ತಿಲ್ಲ. ನಿಂಗಪ್ಪ ಟವೆಲ್ ಕೊಡವಿ, "ಆತು, ವ್ಯಾಪಾರ ಕುದುರಿತು! ಎಲಿ ಅಡಿಕಿ ತರ್ರಿ" ಎಂದರು. ಬದುಕಿನಲ್ಲಿ ನಾನು ಕೈಗೊಂಡ ಏಕೈಕ ನಿರ್ಧಾರ ಹೀಗೆ ಯಾರಿಗೂ ಕಾಣದಂತೆ ಆಗಿಹೋಯಿತು.

ಅಂದಿನಿಂದ ಶಿಕಾರಿಪುರದ ದನದ ಸಂತೆಯಲ್ಲಿ ನನಗೆ ಬಹಳ ಹೆಸರು. "ನಮ್ಮ ಜೋಡಿ ಬರ್ರಿ ಸಾಹೇಬ್ರ, ಸುಮ್ನ ಕೈ ಹಿಡ್ಕಂಡು ಕುಂತ್ರ ಸಾಕು" ಎಂದು ನಿಂಗಪ್ಪ ಈಗಲೂ ಕರೆಯುತ್ತಾರೆ.

ಯುಗಾದಿಗೆ ಮುಂಚೆಯೇ ಹಾಲು ಉಕ್ಕಿಸಿ ಹೊಸ ಮನೆಗೆ ಬಂದೆವು. ಖಾಲಿ ಲೋಟ ಹಿಂದಿರುಗಿಸಬಾರದೆಂದು ಗಿರಿಜೆ ಅದರ ತುಂಬ ಪಾಯಸ ಹಾಕಿ ಕೊಟ್ಟಳು. ನಾನು ಮೊದಲಿನಂತೆಯೇ ಬಸ್ಸಿಗೆ ಜೋತು ಬೀಳುತ್ತಿದ್ದೆ, ಜೊತೆಗೆ ಬಸ್ ಸ್ಟ್ಯಾಂಡಿನ ತನಕ ನಡಿಗೆಯೂ ಸೇರಿತು. ಆದರೂ ಸಂಜೆ ಕೆರೆಯ ಏರಿ ಇಳಿದು ಬರುವಾಗ ನಮ್ಮ ದೀಪ ಕಂಡರೆ ದಣಿವು ಮರೆಯುತ್ತಿತ್ತು. ಸುತ್ತಲಿನ ಗಡಿಕಲ್ಲುಗಳ ನಡುವೆ ಒಂದೆರಡು ಕಡೆ ಪಾಯ ತೋಡುತ್ತಿದ್ದರು. ಆ ಹೆಂಗಸರೂ ಒಂದು ದಿನ ಹೆಪ್ಪು ಕೇಳಲು ಬರುತ್ತಾರೆಂದು ಗಿರಿಜೆ ಒಂದು ಲೋಟ ಬೇರೆಯೇ ಎತ್ತಿಟ್ಟಿದ್ದಳು.

ಫೋಟೋ ಮಾತ್ರ ಇನ್ನೂ ನೆಲದ ಮೇಲಿತ್ತು. ಪೂರ್ವದ ಗೋಡೆಗೆ ಹಾಕಿದರೆ ಬಾಗಿಲಿಂದಲೇ ಕಾಣುತ್ತದೆ, ಆದರೆ ಬಿಸಿಲಿಗೆ ಬಣ್ಣ ಹೋಗುತ್ತದೆ. ಉತ್ತರದ ಗೋಡೆಗೆ ಬಿಸಿಲಿಲ್ಲ, ಆದರೆ ಎದುರಿಗೆ ಒಗ್ಗರಣೆಯ ಹೊಗೆ. ಕೋಣೆಯ ಗೋಡೆ ತಂಪು, ಆದರೆ ಬಂದವರು ನೋಡುವುದು ಹೇಗೆ? ನಾನು ಕನ್ನಡಕ ಹಾಕಿಕೊಂಡು ಗೋಡೆಯಿಂದ ಗೋಡೆಗೆ ತಿರುಗುತ್ತಿದ್ದೆ. ಕೊನೆಗೊಂದು ಭಾನುವಾರ ಗಿರಿಜೆ ಹಗ್ಗದ ಮೇಲಿದ್ದ ಟವೆಲ್ ತಂದು, ನನ್ನ ಕೈ ಹಿಡಿದು, ಮೇಲೆ ಹೊದಿಸಿ, ಒಂದು ಬೆರಳು ಕೊಟ್ಟಳು. ಅದು ಯಾವ ಗೋಡೆಯೆಂದು ಕೇಳುವ ಧೈರ್ಯವಾಗಲಿಲ್ಲ. ಒತ್ತಿದೆ.

ಅಂದು ಊಟ ಮುಗಿಸಿ ನಾನು ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದೆ. ಒಳಗೆ ಸುತ್ತಿಗೆಯ ಮೊದಲ ಏಟು ಕೇಳಿಸಿತು, ಗಾರೆ ಉದುರಿದ ಸದ್ದೂ ಬಂತು. ಒದ್ದೆ ಕೈಯಲ್ಲೇ ಓಡಿಬಂದು ಹೊಸ್ತಿಲಲ್ಲಿ ನಿಂತು ಕೂಗಿದೆ: "ಏನೇ, ಗೋಡೆ ಕೆಡವೋಕೆ ಹೊರಟಿದೀಯೇನೇ?"

ಗಿರಿಜೆ ಸುತ್ತಿಗೆ ಇಳಿಸದೆ, ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓಹೋ, ಮಾಲೀಕರು ಬಂದ್ರು" ಎಂದಳು.