ಭಾವನವರ ಒಂದೇ ಒಂದು ತಪ್ಪು

ಎರಡು ಸಾವಿರದ ಮೂರನೇ ಇಸವಿ, ಉತ್ತರಾಯಣದ ಗಾಳಿಪಟಗಳು ಇನ್ನೂ ತಂತಿಗಳಲ್ಲಿ ನೇತಾಡುತ್ತಿದ್ದ ವಾರ, ಮಧ್ಯಾಹ್ನ. ವಡೋದರದ ಒಂದು ರಾಸಾಯನಿಕ ಕಂಪನಿಯ ಕಂಪ್ಯೂಟರ್ ಕೋಣೆಯಲ್ಲಿ, ಪ್ರಿಂಟರಿಗೂ ಬಾಗಿಲಿಗೂ ನಡುವೆ ನಾನು ನಿಂತಿದ್ದೆ. ಅಲ್ಲಿಂದ ಭಾವನವರ ಮುಖ ಪೂರ್ತಿ ಕಾಣುತ್ತಿತ್ತು. ಜಾಗವನ್ನು ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ನಡೆದದ್ದನ್ನು ನಮ್ಮ ಅಕ್ಕನೇ ಇವತ್ತಿಗೂ ನಂಬುವುದಿಲ್ಲ. ಅವಳ ಗಂಡ ಅವತ್ತು ತಪ್ಪು ಒಪ್ಪಿಕೊಂಡರು!

ಧಾರವಾಡದಿಂದ ಬಂದು ಈ ಕಂಪನಿ ಸೇರಿದ್ದ ನಮ್ಮ ಭಾವ ಜೀವಮಾನದಲ್ಲಿ ತಪ್ಪು ಮಾಡಿದವರಲ್ಲ. ಇದು ಅವರದೇ ಹೇಳಿಕೆ. ಅಹಮದಾಬಾದಿನ ಮದುವೆಗೆ ಹೊರಟವರು ಸೂರತ್ ಕಡೆಯ ರೈಲು ಹತ್ತಿದಾಗ, “ಬೇಕಂತನ ಹತ್ತೇನಿ, ಈ ಕಡೆ ಗಾಳಿ ಛಲೋ ಐತಿ” ಎಂದು ಭರೂಚ್‌ವರೆಗೂ ಇಳಿಯಲಿಲ್ಲ. ಸಾರಿಗೆ ಉಪ್ಪಿನ ಬದಲು ಸಕ್ಕರೆ ಸುರಿದಾಗ, “ಗುಜರಾತಿನ್ಯಾಗ ಸಾರು ಹಿಂಗ ಇರಬೇಕು” ಎಂದು ಎರಡು ಬಟ್ಟಲು ಕುಡಿದರು. ಯಾರು ತಾನೇ ವಾದಿಸಿಯಾರು?

ಕಂಪನಿಯ ವ್ಯವಹಾರವೆಲ್ಲ ಬೀರುವಿನಷ್ಟು ದೊಡ್ಡ ಹಳೆಯ ಮೇನ್‌ಫ್ರೇಮ್ ಯಂತ್ರದಲ್ಲಿತ್ತು. ಅದರ ಕೋಬಾಲ್ ಭಾಷೆಯ ಪ್ರೋಗ್ರಾಂಗಳನ್ನು ಬರೆದವರು ಭಾವ. ಅವನ್ನು ತಾನಾಗಿಯೇ ಜಾವಾ ಎಂಬ ಹೊಸ ಭಾಷೆಗೆ ಅನುವಾದಿಸುವ ತಂತ್ರಾಂಶ ಹಿಡಿದು ಅಹಮದಾಬಾದಿನಿಂದ ನಮ್ಮ ತಂಡ ಬಂತು. ಪರೀಕ್ಷೆಯ ಕೆಲಸ ನನ್ನದು ಮತ್ತು ಸಹೋದ್ಯೋಗಿ ಹೇತಲ್‌ಬೆನ್ ಅವರದು. ಒಂದೇ ಮಾಹಿತಿಯನ್ನು ಹಳೆಯದಕ್ಕೂ ಹೊಸದಕ್ಕೂ ಕೊಟ್ಟು, ಎರಡೂ ಮುದ್ರಿಸಿದ್ದನ್ನು ಅಕ್ಷರಕ್ಕಕ್ಷರ ಹೋಲಿಸಬೇಕು. ಹಳೆಯದರಲ್ಲಿ ತಪ್ಪಿದ್ದರೆ ಹೊಸದರಲ್ಲೂ ಅದೇ ತಪ್ಪು ಬರಬೇಕು, ತಿದ್ದಬಾರದು. ಇದು ಒಪ್ಪಂದದ ನಿಯಮ. ಭಾವನಂಥವರಿಗೆಂದೇ ಮಾಡಿಸಿದಂತಿರಲಿಲ್ಲವೇ!

“ಭಾಯಿ, ಬೀಚ್ ಬೀಚ್ ಮೇಂ ಖಾಲಿ ಪನ್ನಾ ಕ್ಯೋಂ?” ಎಂದು ಹೇತಲ್‌ಬೆನ್ ನಡುನಡುವೆ ಬಂದ ಖಾಲಿ ಹಾಳೆಗಳನ್ನು ತೋರಿಸಿ ಕೇಳಿದರು.

“ಜಾನ್‌ಬೂಝ್‌ಕೇ ರಖಾ ಹೈ, ಬೆನ್.” ಬೇಕೆಂದೇ ಇಟ್ಟದ್ದು, ಪ್ರಿಂಟರೂ ಉಸಿರಾಡಬೇಡವೇ ಎಂಬುದು ಭಾವನ ವಾದ.

“ಫೆಬ್ರವರಿಗೆ ಮೂವತ್ತು ದಿನ ಯಾಕೆ ಭಾವ?” ಎಂದೆ ನಾನು.

“ಬಡ ತಿಂಗಳಲ್ಲೋ ತಮ್ಮಾ! ನಾವರ ಕೊಡೋಣಂತ ಕೊಟ್ಟೇನಿ.”

ಎಂಜಿನಿಯರಿಂಗ್ ಓದಿದ ನಾವಿಬ್ಬರೂ ಕೂತು ಹೊಸ ಯಂತ್ರದಲ್ಲೂ ಫೆಬ್ರವರಿಗೆ ಮೂವತ್ತು ದಿನ ಇದೆಯೆಂದು ಖಾತ್ರಿ ಮಾಡಿಕೊಂಡೆವು. ಮನೆಗೆ ಹೋಗುವಾಗ ಅಳು ಬರುವಂತಾಗುತ್ತಿತ್ತು.

ಅವತ್ತು ಪರೀಕ್ಷೆಗೆ ಬಂದದ್ದು ಸೂರತ್ ಬಳಿಯ ಸಚಿನ್ ಎಂಬ ಊರಿನಲ್ಲಿದ್ದ ನಮ್ಮ ಭಾವನ ಕಂಪನಿಯ ಕಾರ್ಖಾನೆಯ ಔಷಧಾಲಯದ ಪಟ್ಟಿ. ನೌಕರ ತೀರಿಕೊಂಡರೆ ವರ್ಷದೊಳಗೆ ಅವನ ಮನೆಯವರಿಗೆ ಔಷಧಿ ನಿಲ್ಲಬೇಕು. ಒಬ್ಬರ ಹೆಸರು ಮಾತ್ರ ವರ್ಷ ಕಳೆದ ಮೇಲೂ ಪ್ರತಿ ತಿಂಗಳು ಮುದ್ರಣವಾಗುತ್ತಿತ್ತು: ಜಶುಬೆನ್, ಉಬ್ಬಸದ ಔಷಧಿ. ಅವರ ಗಂಡ ಸಚಿನ್‌ನಿಂದ ಕಾರ್ಖಾನೆಯ ಮಾಹಿತಿಯಿದ್ದ ಟೇಪುಗಳನ್ನು ರೈಲಿನಲ್ಲಿ ತಂದುಕೊಡುತ್ತಿದ್ದ. ಭಾವನ ಜೊತೆ ಚಹಾ ಕುಡಿದು ಹಿಂತಿರುಗುತ್ತಿದ್ದ. ಅವನು ತೀರಿಕೊಂಡ ಮೇಲೆ ಭಾವ ಪ್ರೋಗ್ರಾಂನಲ್ಲಿ ಒಂದು ಸಾಲು ಸೇರಿಸಿದ್ದರು: ಜಶುಬೆನ್ ಅವರ ಔಷಧಿ ಕಾರ್ಡನ್ನು ನಿಲ್ಲಿಸಬೇಡ.

ಮ್ಯಾನೇಜರ್ ಬಂದು, “ಇದು ಬೇಕೆಂದೇ ಮಾಡಿದ್ದೋ?” ಎಂದು ಹಿಂದಿಯಲ್ಲಿ ಕೇಳಿದರು. ಬೇಕೆಂದೇ ಮಾಡಿದ್ದಾದರೆ ಅದು ರಿಯಾಯಿತಿ. ಹೆಡ್ ಆಫೀಸು ಒಪ್ಪಬೇಕು, ಒಪ್ಪುವುದಿಲ್ಲ. ತಪ್ಪಾದರೆ ಒಪ್ಪಂದದ ನಿಯಮದಂತೆ ಹಾಗೇ ಉಳಿಯುತ್ತದೆ.

ಭಾವ ಕನ್ನಡಕ ತೆಗೆದರು.

“ಗಲ್ತೀ ಹೋ ಗಯೀ, ಸಾಹೇಬ್. ಮೇರೀ ಗಲ್ತೀ.”

ತಪ್ಪು ತನ್ನದೆಂದು ಭಾವನ ಬಾಯಿಂದಲೇ ಕೇಳಿ ಹೇತಲ್‌ಬೆನ್ ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

ಮ್ಯಾನೇಜರ್ ಕೆಟ್ಟವರಲ್ಲ. ಅವರ ಕಣ್ಣು ತುಂಬಿ ಬಂತು. ಭಾವನ ಬೆನ್ನು ತಟ್ಟಿ, “ನೀವು ಇಷ್ಟು ದೊಡ್ಡ ಮನಸ್ಸಿನಿಂದ ಒಪ್ಪಿಕೊಂಡಿರಿ. ನಿಮ್ಮ ಗೌರವಕ್ಕಾಗಿ, ಇದೊಂದನ್ನು ತಿದ್ದಿಬಿಡೋಣ,” ಎಂದರು!

ತಿದ್ದಿದರು. ಖಾಲಿ ಹಾಳೆಗಳು ಉಳಿದವು. ಫೆಬ್ರವರಿ ಮೂವತ್ತು ಉಳಿಯಿತು. ಆ ಒಂದು ಸಾಲು ಹೋಯಿತು.

ಹಳೆಯ ಯಂತ್ರವನ್ನು ಇನ್ನೂ ನಿಲ್ಲಿಸಿರಲಿಲ್ಲ. ಅದು ಮುದ್ರಿಸಿದ ಔಷಧಿ ಚೀಟಿ ಆ ತಿಂಗಳ ಮಟ್ಟಿಗೆ ನಡೆಯುತ್ತಿತ್ತು. ಭಾವ ಅದರ ಮುಂದೆ ಕೂತು ಪಟ್ಟಿಯನ್ನು ಇನ್ನೊಮ್ಮೆ ಓಡಿಸಿದರು. ಜಶುಬೆನ್ ಹೆಸರಿನ ಚೀಟಿ ಹೊರಬಂತು. ಅಂಚು ಹರಿಯದಂತೆ ಬಿಡಿಸಿ ಜೇಬಿಗಿಟ್ಟರು.

“ತಮ್ಮಾ, ಊಟಕ್ಕ ಕಾಯಬ್ಯಾಡಂತ ನಿಮ್ಮಕ್ಕಗ ಹೇಳು. ಸಚಿನ್‌ಗೆ ಹೋಗಿ ಬರ್ತೇನಿ.”

“ಅಲ್ಲಿನವರಿಗೆ ಫೋನ್ ಮಾಡಿ ಹೇಳಿದರಾಯಿತಲ್ಲ, ಭಾವ?”

“ಮುಂದಿನ ತಿಂಗಳಿಂದ ಔಷಧ ಇಲ್ಲಂತ ಆಕಿಗೆ ಫೋನಿನ್ಯಾಗ ಹೆಂಗ ಹೇಳ್ಲೋ?”

ಜಶುಬೆನ್ ಮುಂದಿನ ಚಳಿಗಾಲ ದಾಟಲಿಲ್ಲ. ಭಾವ ಈಗಿಲ್ಲ, ಮ್ಯಾನೇಜರೂ ಇಲ್ಲ. ಅವತ್ತು ಆ ಕೋಣೆಯಲ್ಲಿದ್ದವರ ಪೈಕಿ ನನ್ನನ್ನು ಬಿಟ್ಟರೆ ಬದುಕಿರುವವರು ಹೇತಲ್‌ಬೆನ್ ಒಬ್ಬರೇ. ಅಹಮದಾಬಾದಿನ ಬೋಪಾಲ್ ಬಡಾವಣೆಯಲ್ಲಿದ್ದಾರೆ. ನಂಬದಿದ್ದರೆ ಅವರನ್ನೇ ಕೇಳಿ.